ಹಾಲಮ್ಮ ಮಲಗುತ್ತಿದ್ದ ಜಾಗ

ನನ್ನ ನಾದಿನಿ ಹಾಲಮ್ಮ ತೋಟದೊಳಗೆ ಕಾಲಿಡುವ ಮುಂಚೆ ತಲೆ ಎತ್ತಿ ಮೇಲೆ ನೋಡುತ್ತಿದ್ದಳು. ಹುಟ್ಟಿ ಬೆಳೆದದ್ದು ಅದೇ ತೋಟದಲ್ಲಿ, ಯಾವ ಮರ ಎಷ್ಟು ಕಾಯಿ ಬಿಡ್ತದೆ ಅಂತ ಕಣ್ಣು ಮುಚ್ಚಿಕೊಂಡು ಹೇಳೋಳು, ಆದರೂ ನೋಡದೆ ಒಳಗೆ ಹೋದವಳಲ್ಲ. ನಮ್ಮ ಕಡೆ ಕೊಬ್ಬರಿಗೆ ಬಿಟ್ಟ ಕಾಯಿ ಮರದಲ್ಲೇ ಬಲಿತು ತಾನಾಗಿ ಉದುರಬೇಕು. ಅದು ಹೇಳಿ ಕೇಳಿ ಉದುರುವುದಿಲ್ಲ. ಒಣಗಿದ ಗರಿಯೂ ಅಷ್ಟೆ. ಹಾಲಮ್ಮ ಒಂದು ಸುತ್ತು ಮೇಲೆ ನೋಡಿ, ಮಕ್ಕಳು ಇಲ್ಲಿ ಕೂರಬಹುದು, ಅಲ್ಲಿ ಕೂರಬಾರದು ಅಂತ ಜಾಗ ಗೊತ್ತು ಮಾಡಿ, ಆಮೇಲೆ ಸೆರಗು ಸೊಂಟಕ್ಕೆ ಸಿಕ್ಕಿಸೋಳು.

ಕೈಯಲ್ಲೊಂದು ಕೋಲು ಇರಲೇಬೇಕು. ಬಿದ್ದ ಗರಿ ಎತ್ತುವ ಮುಂಚೆ ಎರಡು ಸಲ ಬಡಿಯೋಳು, ಅಡಿಯಲ್ಲಿ ಹಾವಿದ್ದರೆ ಹೋಗಲಿ ಅಂತ. ಸುಲಿದ ಕಾಯಿಸಿಪ್ಪೆಯ ಮಟ್ಟೆ ಗುಡ್ಡೆ ಹತ್ತಿದರೆ ಮಕ್ಕಳಿಗೆ ಏಟು ಗ್ಯಾರಂಟಿ, ಅದರೊಳಗೆ ಚೇಳಿರುತ್ತವೆ. ಕಾಯಿ ಸುಲಿಯೋದಕ್ಕೆ ನೆಲಕ್ಕೆ ನೆಟ್ಟ ಕಬ್ಬಿಣದ ಮೊನೆ ಇತ್ತಲ್ಲ, ಸುಲಿಯುವವರು ಊಟಕ್ಕೆ ಎದ್ದರೆ ಸಾಕು, ಓಡಿ ಹೋಗಿ ಅದರ ತುದಿಗೆ ಒಂದು ಮಟ್ಟೆ ಚುಚ್ಚಿ ಮುಚ್ಚಿ ಬರೋಳು. ಅಪ್ಪಿತಪ್ಪಿ ಮಕ್ಕಳು ಎಡವಿ ಅದರ ಮೇಲೆ ಬಿದ್ದರೆ ಅಂತ. ಸುಲಿಯುವವರು ನಗುತ್ತಿದ್ದರು. "ಹಾಲಮ್ಮ ಬಂದ್ಲು ಅಂದ್ರೆ ನಮ್ಮ ಕಬ್ಬಿಣಕ್ಕೂ ಟೋಪಿ ಬತ್ತದೆ" ಅನ್ನೋರು.

ಎಲ್ಲಕ್ಕಿಂತ ಹೆಚ್ಚಿನದು ಗೆಜ್ಜೆ. ತವರಿಗೆ ಬಂದ ದಿನವೇ ಕೊಟ್ಟಿಗೆಗೆ ಹೋಗಿ ಕರುವಿನ ಕೊರಳಿನ ಗೆಜ್ಜೆ ಬಿಚ್ಚಿ ಮಕ್ಕಳ ಕಾಲಿಗೆ ಕಟ್ಟೋಳು. ಮಗಳು ಚಿಕ್ಕಗಂಗಮ್ಮ ಸುಮ್ಮನೆ ಕಾಲು ಕೊಡೋಳು. ಮಗ ಮಾಯಣ್ಣನಿಗೆ ಏಳು ವರ್ಷವಾದ ಮೇಲೂ ಕಟ್ಟಿದಳು, ಅವನು ನಾನೇನು ಕರುವಾ ಅಂತ ಅತ್ತ. ಹಾಲಮ್ಮ ಬಿಡಲಿಲ್ಲ. ನಮ್ಮ ತೋಟದ ಬಾವಿಗೆ ಕಟ್ಟೆ ಇರಲಿಲ್ಲ. ಅವಳು ಎಂಟು ವರ್ಷದವಳಾಗಿದ್ದಾಗ, ಅವಳ ಹಿಂದೆಯೇ ಆಡುತ್ತಿದ್ದ ಕೊನೇ ತಮ್ಮ ಆ ಬಾವಿಗೆ ಬಿದ್ದು ಹೋದನಂತೆ. ಬೆನ್ನ ಹಿಂದೆ ಸದ್ದು ನಿಂತದ್ದು ಅವಳಿಗೆ ಗೊತ್ತೇ ಆಗಲಿಲ್ಲವಂತೆ. ಅದಕ್ಕೇ ಗೆಜ್ಜೆ. ಏನೇ ಕೆಲಸ ಮಾಡುತ್ತಿರಲಿ, ಅವಳ ಒಂದು ಕಿವಿ ಆ ಸದ್ದಿನ ಮೇಲೆ. ನಿಂತರೆ ಕೈಯಲ್ಲಿದ್ದದ್ದು ಬಿಟ್ಟು ಎದ್ದುಬಿಡೋಳು.

ಹೊನ್ನವಳ್ಳಿಗೆ ಎರಡು ಮೈಲಿ ನಮ್ಮೂರು. ಮನೆಗೆ ಯಜಮಾನರು ನಮ್ಮ ಭಾವ ಗೋವಿಂದಯ್ಯ. ನನ್ನ ಗಂಡ ದಾಸಯ್ಯ ಅವರ ತಮ್ಮ. ಹಾಲಮ್ಮ ಇಬ್ಬರಿಗೂ ತಂಗಿ. ಅತ್ತೆ ಮಾವ ಹೋಗಿ ಆಗಿತ್ತು, ವಾರಗಿತ್ತಿಯೂ ಹೋಗಿದ್ದಳು, ನನಗೆ ಮಕ್ಕಳಾಗಲಿಲ್ಲ. ಮನೆಯಲ್ಲಿ ಹೆಂಗಸು ಅಂತ ನಾನೊಬ್ಬಳೇ. ಹಾಲಮ್ಮ ಮಕ್ಕಳನ್ನು ಕರೆದುಕೊಂಡು ಬಸ್ಸಿಳಿದಳು ಅಂದರೆ ಆ ಮನೆಗೆ ಜೀವ ಬರುತ್ತಿತ್ತು. ವರ್ಷಕ್ಕೊಂದೇ ಸಲ, ಬೇಸಿಗೆ ರಜದಲ್ಲಿ, ಹದಿನೈದು ದಿನ.

ಅವಳನ್ನು ಕೊಟ್ಟಿದ್ದು ತಿಪಟೂರಿಗೆ. ಗಂಡ ಹುಚ್ಚರಂಗಯ್ಯ ಅಕ್ಕಿ ಗಿರಣಿಯಲ್ಲಿ ಮೂಟೆ ಹೊರುತ್ತಿದ್ದ, ಒಳ್ಳೆಯವನೇ. ರೈಲು ಹಳಿಯ ಆಚೆ ಒಂದು ವಠಾರದಲ್ಲಿ ಒಂದೇ ಒಂದು ರೂಮು, ಮೇಲೆ ತಗಡು. "ಬೇಸಿಗೇಲಿ ನಮ್ಮನೇಲಿ ಒಲೆ ಹಚ್ಚೋದೇ ಬೇಡ ಅತ್ತಿಗೆ, ಮುದ್ದೆ ಮೇಲಕ್ಕೆ ಎಸೆದ್ರೆ ತಗಡಿಗೆ ಅಂಟ್ಕೊಂಡು ತಾನೇ ಬೇಯ್ತದೆ" ಅನ್ನೋಳು. ನಗಿಸೋಕೆ ಹೇಳುತ್ತಿದ್ದಳು. ಆದರೆ ಅವಳ ಕುತ್ತಿಗೆ ತುಂಬ ಬೆವರುಸಾಲೆ ಇರುತ್ತಿತ್ತು, ಮಕ್ಕಳ ಬೆನ್ನಿಗೂ.

ನಮ್ಮ ನಡುಮನೆಯ ಮೇಲೆ ಅಟ್ಟ. ಅದರ ಮೇಲೆ ಹನ್ನೆರಡು ಸಾವಿರ ಕಾಯಿ. ಹತ್ತು ಹನ್ನೊಂದು ತಿಂಗಳು ಅಲ್ಲೇ ಬಿದ್ದಿದ್ದು, ಒಳಗಿನ ನೀರು ಇಂಗಿ, ಅಲ್ಲಾಡಿಸಿದರೆ ಕೊಬ್ಬರಿ ಗಡಗಡ ಅನ್ನುವವರೆಗೆ ಇಳಿಸುವಂತಿಲ್ಲ. ಹೆಂಚಿನ ಕಾವೆಲ್ಲ ಆ ಕಾಯಿರಾಶಿಯಲ್ಲೇ ನಿಂತುಹೋಗುತ್ತಿತ್ತು, ಕೆಳಗಿನ ಸಗಣಿ ನೆಲ ಮಡಕೆಯ ಹಾಗೆ ತಣ್ಣಗೆ. ಯಾವ ಮನೆಯಲ್ಲಾದರೂ ನೆಂಟರಿಗೆ ಚಾಪೆ ಹಾಸುವುದು ಅಟ್ಟದ ಕೆಳಗೇ. ಅದೇ ಮರ್ಯಾದೆ. ಹಾಲಮ್ಮ ಬಂದವಳು ಮಜ್ಜಿಗೆ ಕುಡಿದು, ಮಕ್ಕಳ ಕಾಲಿನ ಗೆಜ್ಜೆ ಬಿಚ್ಚಿ ಗೂಡಿನಲ್ಲಿಟ್ಟು, ಅಲ್ಲಿ ಮಲಗೋಳು. ತೋಟದಲ್ಲಿ ಅಷ್ಟು ಹೆದರುವವಳು ಅಲ್ಲಿ ಬಾಯಿ ತೆರೆದು ನಿದ್ದೆ ಮಾಡೋಳು. ಒಂದು ಸಲ ಕೇಳಿದೆ, ಮನೆಯೊಳಗೆ ಯಾಕೆ ಗೆಜ್ಜೆ ಬೇಡ ಅಂತ. "ಇಲ್ಲಿ ಯಾತರ ಭಯ ಅತ್ತಿಗೆ, ನಮ್ಮಪ್ಪನ ಮನೆ" ಅಂದಳು.

ಎಪ್ಪತ್ತೆಂಟೋ ಎಪ್ಪತ್ತೊಂಬತ್ತೋ ಇರಬೇಕು. ಯುಗಾದಿಗೆ ಅಂತ ನಡುಮನೆಯ ಗೋಡೆ ಸಾರಿಸುತ್ತಿದ್ದೆ. ಅಟ್ಟ ಹೊತ್ತ ದೊಡ್ಡ ತೊಲೆ ಗೋಡೆಯೊಳಗೆ ಹೋಗುವ ಕಡೆ ಮಣ್ಣು ಉಬ್ಬಿತ್ತು. ಒರೆಸಿದರೆ ಉದುರಿತು. ಒಳಗೆ ತೊಲೆಯ ತುದಿ ಕಾಣಿಸಿತು, ಬೆರಳಿಟ್ಟೆ. ಬೆಂದ ಗೆಣಸಿನೊಳಗೆ ಹೋದ ಹಾಗೆ ಬೆರಳು ಒಳಕ್ಕೆ ಹೋಯಿತು. ಎಳೆದರೆ ಬೆರಳ ತುಂಬ ಗೆದ್ದಲು.

ಇವರನ್ನು ಕರೆದು ತೋರಿಸಿದೆ. ಇವರೂ ಬೆರಳು ಹಾಕಿ ನೋಡಿದರು. ಕೈ ಒರೆಸಿಕೊಂಡು ಹೋಗಿ ಅಣ್ಣನಿಗೆ ಹೇಳಿದರು. ಭಾವ ಒಳಗೆ ಬಂದರು, ನಾನು ಸೆರಗು ಹೊದ್ದು ಅಡುಗೆಮನೆ ಬಾಗಿಲ ಹಿಂದೆ ನಿಂತೆ. ಭಾವನ ಎದುರು ನಿಂತು ಮಾತಾಡುವ ಪದ್ಧತಿ ನಮ್ಮಲ್ಲಿ ಇರಲಿಲ್ಲ. ಅವರು ಕೋಲು ತಗೊಂಡು ತೊಲೆಯ ನಡುವಿಗೆ ಬಡಿದರು, ಠಣ್ ಅಂತು. ಇದು ಹೊನ್ನೆ ಮರ, ನಮ್ಮ ತಾತ ಗಾಡಿ ಕಟ್ಟಿಕೊಂಡು ಹೋಗಿ ತಂದಿದ್ದು, ಹೊನ್ನೆಗೆ ಗೆದ್ದಲು ಹತ್ತಿದ್ದುಂಟಾ ಅಂದರು. ಅವರು ಬಡಿದದ್ದು ನಡುವಿಗೆ. ಕೆಟ್ಟಿದ್ದು ತುದಿ. ಕಾಯಿ ಹಾಕಿ ಇನ್ನೂ ಐದು ತಿಂಗಳು, ಈಗ ಕೆಳಗಿಳಿಸಿ ಕದಲಿಸಿದರೆ ಕೊಬ್ಬರಿ ಕೊಳೆತು ಹೋಗ್ತದೆ, ದೀಪಾವಳಿಗೆ ಅಟ್ಟ ಇಳಿಸ್ತೀವಲ್ಲ, ಆಗ ನೋಡೋಣ ಅಂತಲೂ ಅಂದರು. ಮಾರನೇ ದಿನ ಆ ತೂತಿಗೆ ಮಣ್ಣು ಮೆತ್ತಿಸಿ ಸುಣ್ಣ ಬಳಿಸಿದರು. ನೋಡಿದರೆ ಏನೂ ಆಗದ ಗೋಡೆ.

ಆಮೇಲಿಂದ ದಿನಾ ಬೆಳಿಗ್ಗೆ ಆ ಮೂಲೆಯಲ್ಲಿ ಹಿಟ್ಟಿನಂಥ ಪುಡಿ ಬಿದ್ದಿರುತ್ತಿತ್ತು. ಗುಡಿಸುತ್ತಿದ್ದೆ. ಬೇಸಿಗೆ ರಜ ಹತ್ತಿರ ಬರುತ್ತಿತ್ತು.

ತಂಗಿ ಬಂದಾಗ ಅಲ್ಲಿ ಮಲಗಬೇಡ ಅಂತ ಅಣ್ಣಂದಿರು ಹೇಳಬಹುದು. ಅತ್ತಿಗೆ ಹೇಳುವಂತಿಲ್ಲ. ತವರಿನ ತಂಪು ಜಾಗ ಬಿಟ್ಟು ಆಚೆ ಜಗಲಿಯಲ್ಲಿ ಮಲಗು ಅಂದರೆ, ಬಾಯಿಂದ ಬಂದದ್ದು ಏನೇ ಇರಲಿ, ಕೇಳುವ ಕಿವಿಗೆ ಅದು ನೀನು ಬರಬೇಡ ಅಂದ ಹಾಗೇ. ಅದರಲ್ಲೂ ಮಕ್ಕಳಿಲ್ಲದ ಅತ್ತಿಗೆ. ಇದು ನನಗೆ ಗೊತ್ತಿತ್ತು. ಅದಕ್ಕೇ ಹೇಳದೆ ತಪ್ಪಿಸೋಣ ಅಂತ ನೋಡಿದೆ.

ಅವಳು ಬಂದ ದಿನ ನಡುಮನೆ ತುಂಬ ರಾಗಿ ಹರಡಿದ್ದೆ. ಹಾಲಮ್ಮ ನೋಡಿ ನಕ್ಕಳು. "ಏನತ್ತಿಗೆ, ಆಚೆ ಅಂಥಾ ಬಿಸ್ಲು ಐತೆ, ನೀನು ರಾಗೀನ ನೆರಳಲ್ಲಿ ಒಣಗಿಸ್ತೀಯಲ್ಲ" ಅಂದು ಅಂಗೈಯಲ್ಲಿ ಒತ್ತರಿಸಿ ಚಾಪೆ ಹಾಸಿದಳು. ಎರಡನೇ ದಿನ ಊಟದ ಹೊತ್ತಿಗೆ ಸರಿಯಾಗಿ ನೆಲಕ್ಕೆ ಸಗಣಿ ಸಾರಿಸಿದೆ. ಮಕ್ಕಳನ್ನು ಪಕ್ಕ ಕೂರಿಸಿಕೊಂಡು ಅದು ಆರುವವರೆಗೂ ಹೊಸಿಲ ಮೇಲೆ ಕಾದು ಕೂತಳು. ನಗಲಿಲ್ಲ. ಮೂರನೇ ದಿನ ಅಲ್ಲಿ ಚೇಳು ಕಂಡೆ ಅಂದೆ. ಕೋಲು ತಂದು ಮೂಲೆ ಮೂಲೆ ಬಡಿದಳು, ಚಾಪೆ ಕೊಡವಿದಳು, ಚೇಳಿನ ಸುಳಿವಿಲ್ಲ. ನನ್ನ ಮುಖ ನೋಡಿದಳು. ಆ ನೋಟ ಇನ್ನೂ ಕಣ್ಣಿಗೆ ಕಟ್ಟಿದ ಹಾಗಿದೆ. ಅವತ್ತೇ ಮೊದಲು ಅವಳು ನನ್ನನ್ನು ಬೇರೆಯವರ ಮನೆಯವಳ ಹಾಗೆ ನೋಡಿದ್ದು.

ನಾಲ್ಕನೇ ದಿನ ಕೈ ಹಿಡಿದು ನಿಜ ಹೇಳಿಬಿಟ್ಟೆ. ತೊಲೆ ತುದಿ ಗೆದ್ದಲು ತಿಂದು ಪೊಳ್ಳಾಗಿದೆ, ನಾನೇ ಬೆರಳು ಹಾಕಿ ನೋಡಿದೀನಿ, ಮಕ್ಕಳನ್ನ ಅಲ್ಲಿ ಮಲಗಿಸಬೇಡ ಅಂದೆ. ಅವಳು ಗೋಡೆ ನೋಡಿದಳು. ಸುಣ್ಣ ಬೆಳ್ಳಗಿತ್ತು. ನೇರ ಹೊರಗೆ ಹೋದಳು. ಅಲ್ಲಿ ಜಗಲಿಯ ಮೇಲೆ ಭಾವ ಕೂತಿದ್ದರು, ಇವರು ಕೆಳಗೆ ನಿಂತು ಕುಡುಗೋಲಿನ ಹಿಡಿ ಹೆರೆಯುತ್ತಿದ್ದರು. ಅವಳು ಕೇಳಿದ್ದು ಇವರನ್ನೇ.

"ಚಿಕ್ಕಣ್ಣ, ಅಟ್ಟ ಬೀಳ್ತದಾ?"

ಇವರು ಹೆರೆಯೋದು ನಿಲ್ಲಿಸಿ ಅಣ್ಣನ ಕಡೆ ನೋಡಿದರು. ಭಾವ ಎಲೆಗೆ ಸುಣ್ಣ ಸವರುತ್ತಿದ್ದರು, ತಲೆ ಎತ್ತಲಿಲ್ಲ. ಇವರು ಮತ್ತೆ ಕುಡುಗೋಲು ಎತ್ತಿಕೊಂಡರು.

"ಏನಿಲ್ಲ ಕಣವ್ವ. ಹೋಗಿ ಮಲಕ್ಕೋ."

ಬಾಗಿಲ ಹಿಂದೆ ನಿಂತು ನಾನು ಅದನ್ನ ನನ್ನ ಕಿವಿಯಾರೆ ಕೇಳಿದೆ.

ಆಮೇಲೆ ಎರಡು ದಿನ ಹಾಲಮ್ಮ ನನ್ನ ಹತ್ತಿರ ಮಾತಾಡಲಿಲ್ಲ. ಆರನೇ ದಿನ ಮಧ್ಯಾಹ್ನ ಅವಳು ಹಿತ್ತಲಲ್ಲಿ ಬಟ್ಟೆ ಒಗೆಯುತ್ತಿದ್ದಳು. ಮಕ್ಕಳು ಅಟ್ಟದ ಕೆಳಗೆ ಮಲಗಿದ್ದರು. ನಾನು ಬಾಗಿಲಲ್ಲಿ ಕೂತು ಅವರೇಕಾಳು ಹಸನು ಮಾಡುತ್ತಾ ಅವರನ್ನೇ ನೋಡುತ್ತಿದ್ದೆ. ಮೇಲೆ ಲಟಕ್ ಅಂತು. ಚಿಕ್ಕಗಂಗಮ್ಮನ ಕೆನ್ನೆಯ ಮೇಲೆ ಪುಡಿ ಉದುರಿತು. ಆ ಕ್ಷಣ ನನಗೇನು ಬಂತೋ, ಮೊರ ಎಸೆದು ಓಡಿ, ಇಬ್ಬರ ತೋಳು ಹಿಡಿದು ದರದರ ಎಳೆದುಕೊಂಡು ಹೊರಗೆ ಅಂಗಳಕ್ಕೆ ಬಂದೆ. ಹೊಸಿಲಿಗೆ ತಗಲಿ ಹುಡುಗಿಯ ಬಳೆ ಒಡೆದು ಮೊಣಕೈಯಿಂದ ಮುಂಗೈವರೆಗೆ ಸೀಳಿತು. ಅವಳು ಕಿರುಚಿಕೊಂಡದ್ದಕ್ಕೆ ಎಲ್ಲರೂ ಬಂದರು.

ನಾವೆಲ್ಲ ಅಂಗಳದಲ್ಲಿ ನಿಂತು ಒಳಗೆ ನೋಡಿದೆವು. ಏನೂ ಬೀಳಲಿಲ್ಲ. ಬಿಸಿಲಲ್ಲಿ ಎಷ್ಟು ಹೊತ್ತು ನಿಂತಿದ್ದೆವೋ, ಒಂದು ಕಾಯಿಯೂ ಬೀಳಲಿಲ್ಲ. ಅಟ್ಟ ಬಿದ್ದುಬಿಡಲಿ ಅಂತ ನಾನು ಬೇಡಿಕೊಂಡೆ. ಅಂಥ ಬೇಡಿಕೆ ಬೇಡಿದವಳು ನಾನು.

ಹಾಲಮ್ಮ ಮಗಳ ಕೈಗೆ ಸೆರಗು ಸುತ್ತಿದಳು. ರೇಗಲಿಲ್ಲ. ಮೆಲ್ಲಗೆ ಹೇಳಿದಳು.

"ಮಕ್ಕಳಿಲ್ಲದೋಳಿಗೆ..." ಅಂದು ನಿಲ್ಲಿಸಿದಳು. ಆಮೇಲೆ, "ವರ್ಷಕ್ಕೆ ಹದಿನೈದು ದಿನ ಅತ್ತಿಗೆ. ಒಂದು ಚಾಪೆ ಅಗಲದ ಜಾಗ. ಅದೂ ನಿನಗೆ ಭಾರ ಆಯ್ತಲ್ಲ."

ಸಂಜೆ ಬಸ್ಸಿಗೆ ಹೊರಟಳು. ಹೆಣ್ಣುಮಗಳು ತವರಿಂದ ಹೊರಡುವಾಗ ಮಡಿಲಿಗೆ ಅಕ್ಕಿ, ಬೆಲ್ಲ, ಕೊಬ್ಬರಿ ತುಂಬಿ ಕಳಿಸಬೇಕು. ತಟ್ಟೆ ಹಿಡಿದು ನಿಂತೆ. ಅವಳು ಸೆರಗು ಚಾಚಲಿಲ್ಲ. ಇವರು ತೆಗೆದುಕೊಳ್ಳವ್ವ ಅಂದರು, ಭಾವ ಅಂದರು, ಅವಳು ಮಾಯಣ್ಣನ ಕೈ ಹಿಡಿದು ನಡೆದೇಬಿಟ್ಟಳು. ಗೂಡಿನಲ್ಲಿ ಗೆಜ್ಜೆ ಉಳಿದಿತ್ತು. ಅವತ್ತು ಕರುವಿಗೆ ಅದನ್ನು ಮತ್ತೆ ಕಟ್ಟಿದವಳು ನಾನು. ಬರಿ ಮಡಿಲಲ್ಲಿ ಹೆಣ್ಣುಮಗಳನ್ನ ಓಡಿಸಿದಳು ಅಂತ ಊರೆಲ್ಲ ಆಯಿತು.

ಅದಾದ ವಾರಕ್ಕೆ ಇವರು ಗಾಡಿಯಲ್ಲಿ ಕಲ್ಲು ತಂದು ನಡುಮನೆಯ ಅದೇ ಮೂಲೆಯಲ್ಲಿ ರಾಗಿ ತುಂಬೋದಕ್ಕೆ ಕಣಜ ಕಟ್ಟಿದರು. ಒಬ್ಬರೇ ಕಟ್ಟಿದರು, ಯಾರನ್ನೂ ಕರೆಯಲಿಲ್ಲ. ನೆಲದಿಂದ ಎದ್ದು ಮೇಲಿನ ತೊಲೆಗೆ ಮುಟ್ಟುವ ಹಾಗೆ ಇತ್ತು. ಇಷ್ಟೆತ್ತರ ಯಾಕೆ ಅಂದೆ. ಇಲಿ ಕಣೇ ಅಂದರು. ನಾನು ಒಪ್ಪಿಕೊಂಡೆ. ಮನೆಯಲ್ಲಿ ಇಲಿ ಇದ್ದದ್ದು ನಿಜ.

ದೀಪಾವಳಿಗೆ ಅಟ್ಟ ಇಳಿಸಿದರು, ಕೊಬ್ಬರಿ ಚೆನ್ನಾಗಿ ಬಂದಿತ್ತು. ಭಾವ ನನಗೆ ಕೇಳಿಸಲಿ ಅಂತಲೇ ತಮ್ಮನಿಗೆ ಹೇಳಿದರು, "ನಿನ್ನ ಹೆಂಡ್ತಿಗೆ ಹೇಳ್ಲಾ, ಅಟ್ಟ ಇನ್ನೂ ಮೇಲೇ ಐತೆ ಅಂತ." ಇವರು ನಕ್ಕರು. ತೊಲೆಯ ಮಾತು ಯಾರೂ ಎತ್ತಲಿಲ್ಲ. ಅದರ ಮೇಲೆ ಹೊಸ ಕಾಯಿ ಹಾಕಿದರು.

ಮರುವರ್ಷ ಬೇಸಿಗೆಗೆ ಇವರು ತಂಗಿಯನ್ನು ಕರೆಯಲು ಹೋಗಿ ಒಬ್ಬರೇ ಬಂದರು. ಅದರ ಮುಂದಿನ ವರ್ಷ ನಾನೇ ಹೋದೆ. ಒಂದು ಬುಟ್ಟಿ ಮಾವಿನಕಾಯಿ, ಅವತ್ತು ಬಿಟ್ಟು ಹೋದ ಮಡಿಲಕ್ಕಿಗೆ ಬದಲಾಗಿ ಬೇರೆ ಅಕ್ಕಿ. ಹನ್ನೆರಡು ಗಂಟೆ ಹೊತ್ತು. ಆ ರೂಮಿನೊಳಗೆ ಕಾಲಿಟ್ಟರೆ ಉಸಿರು ಕಟ್ಟಿತು. ತಗಡು ಟಿಕ್ ಟಿಕ್ ಅಂತ ಸದ್ದು ಮಾಡುತ್ತಿತ್ತು. ಚಿಕ್ಕಗಂಗಮ್ಮ ನೀರು ಕೊಟ್ಟಳು, ಕೈಯ ಮೇಲೆ ಗೆರೆ ಉಳಿದಿತ್ತು. ಹಾಲಮ್ಮ ಕಾಫಿ ಕಾಸಿ ಕೊಟ್ಟು ನನ್ನ ಎದುರಿಗೆ ಕೂತಳು. ಬಹಳ ಇಳಿದುಹೋಗಿದ್ದಳು.

"ಸುಳ್ಳು ಹೇಳ್ದೆ ಅನ್ನು ಅತ್ತಿಗೆ. ಅಟ್ಟಕ್ಕೆ ಏನೂ ಆಗಿರಲಿಲ್ಲ, ನನಗೆ ಹೊಟ್ಟೆಕಿಚ್ಚಾಗಿತ್ತು ಅನ್ನು. ಅಷ್ಟೇ ಸಾಕು. ಮಕ್ಕಳನ್ನ ಕರ್ಕೊಂಡು ಈಗಲೇ ನಿನ್ ಜೊತೆ ಬತ್ತೀನಿ."

ಅನ್ನಬಹುದಿತ್ತು. ನಾಲಿಗೆ ತುದಿಗೂ ಬಂತು. ಆದರೆ ಅಂದರೆ ಅವಳು ಅದೇ ದಿನ ಮಧ್ಯಾಹ್ನ ಅದೇ ಜಾಗದಲ್ಲಿ ಆ ಎರಡು ಮಕ್ಕಳನ್ನು ಮಗ್ಗುಲಲ್ಲಿ ಹಾಕಿಕೊಂಡು ಮಲಗುತ್ತಾಳೆ. ಮೇಲೆ ಹನ್ನೆರಡು ಸಾವಿರ ಕಾಯಿ. ನನ್ನ ಬೆರಳಿಗೆ ಆ ಮೆತ್ತನೆಯ ಮರ ಇನ್ನೂ ನೆನಪಿತ್ತು. ನಾನು ಬಾಯಿ ಬಿಡಲಿಲ್ಲ. ಅವಳು ಕಾಯುತ್ತಾ ಕೂತಳು. ಆಮೇಲೆ ಎದ್ದು ಮಾವಿನಕಾಯಿಯ ಬುಟ್ಟಿಯನ್ನು ಅಕ್ಕಿ ಸಮೇತ ತಂದು ನನ್ನ ಪಕ್ಕಕ್ಕಿಟ್ಟಳು. ಅದನ್ನು ಹೊತ್ತುಕೊಂಡೇ ಬಸ್ ಸ್ಟ್ಯಾಂಡಿಗೆ ನಡೆದೆ.

ಎಂಬತ್ತನಾಲ್ಕರಲ್ಲಿ ಇವರು ಹೋದರು. ಕಾಮಾಲೆ, ಹನ್ನೆರಡೇ ದಿನ. ಹಾಲಮ್ಮ ಬಂದಳು. ಜಗಲಿಯಲ್ಲಿ ಮಲಗಿಸಿದ್ದ ಅಣ್ಣನ ಕಾಲು ಹಿಡಿದು ಅತ್ತಳು, ನಡುಮನೆಗೆ ಬರಲಿಲ್ಲ. ಮಣ್ಣು ಮಾಡಲು ತೋಟಕ್ಕೆ ಹೊರಟಾಗ ಬೇಲಿಯ ಹತ್ತಿರ ನಿಂತು ಒಂದು ಸಲ ಮೇಲೆ ನೋಡಿದಳು. ಅಂಥ ಹೊತ್ತಿನಲ್ಲೂ ನೋಡಿದಳು. ಆಮೇಲೆ ಮಾಯಣ್ಣನನ್ನು ಈಚೆಗೆ ಎಳೆದುಕೊಂಡಳು, ಅವನು ಆಗಲೇ ಅವಳಿಗಿಂತ ಎತ್ತರವಾಗಿದ್ದ.

ಎರಡು ವರ್ಷ ಕಳೆದು ಭಾವ ಮನೆಗೆ ಸಿಮೆಂಟಿನ ಮೋಲ್ಡು ಹಾಕಿಸಲು ಹೊರಟರು. ಹೊನ್ನವಳ್ಳಿಯಿಂದ ದುರ್ಗಯ್ಯ ಅಂತ ಗಾರೆಯವನು ಬಂದಿದ್ದ. ಹೆಂಚು ತೆಗೆದು, ಅಟ್ಟ ಬಿಚ್ಚಿ, ತೊಲೆಗೆ ಕೈ ಹಾಕಿದವನು ನಿಂತುಬಿಟ್ಟ. ನನ್ನನ್ನು ಕರೆದ. ತೊಲೆಯ ತುದಿ ಗೋಡೆಯೊಳಗೆ ಮೊಳದುದ್ದ ಇರಲೇ ಇಲ್ಲ, ಬರೀ ಮಣ್ಣು. ಅದು ನಿಂತಿದ್ದದ್ದು ಕಣಜದ ಮೇಲೆ. ಕಣಜದ ತಲೆಗೂ ತೊಲೆಗೂ ನಡುವೆ ನಾಲ್ಕು ಬೆಣೆ ಹೊಡೆದಿತ್ತು, ಬಿಗಿಯಾಗಿ, ಒಂದರ ಪಕ್ಕ ಒಂದು.

"ಯಾರೋ ತಿಳಿದೋರು ಮಾಡವ್ರೆ ಕಣಮ್ಮ" ಅಂದ ದುರ್ಗಯ್ಯ. "ಇದಿಲ್ದಿದ್ರೆ ಯಾವತ್ತೋ ಎಲ್ಲಾ ನೆಲಕ್ಕೆ ಬತ್ತಿತ್ತು."

ಒಂದು ಬೆಣೆ ಕಿತ್ತು ಕೈಯಲ್ಲಿ ಹಿಡಿದೆ. ಕುಡುಗೋಲಿನ ಹಿಡಿಗೆ ಅಂತ ಇವರು ಇಟ್ಟುಕೊಂಡಿದ್ದ ಜಾಲಿಯ ತುಂಡು. ಹೆರೆದ ಗುರುತು ಇವರದೇ. ಇವರ ಕುಡುಗೋಲಿನ ಅಲಗಿನಲ್ಲಿ ಒಂದು ಕಚ್ಚು ಇತ್ತು, ಅದು ಎಳೆದ ಗೆರೆ ಆ ಬೆಣೆಯ ಮೇಲೆ ಉದ್ದಕ್ಕೂ ಇತ್ತು.

ಅಂದರೆ ನಾನು ತಿಪಟೂರಿನ ಆ ರೂಮಿನಲ್ಲಿ ಬಾಯಿ ಕಟ್ಟಿಕೊಂಡು ಕೂತಿದ್ದ ದಿನ ಆ ಜಾಗ ಆಗಲೇ ಭದ್ರವಾಗಿತ್ತು. ನಾನು ಆ ಒಂದು ಸುಳ್ಳು ಹೇಳಿ ಕರೆದುಕೊಂಡು ಬರಬಹುದಿತ್ತು. ಇವರಿಗೆ ಗೊತ್ತಿತ್ತು. ನನ್ನ ಮಾತು ನಿಜ ಅಂತ ಗೊತ್ತಿತ್ತು, ಕೈಯಾರೆ ಸರಿ ಮಾಡಿದರು, ಆರು ವರ್ಷ ನನ್ನ ಪಕ್ಕದಲ್ಲಿ ಕೂತು ಉಂಡರು, ಅಣ್ಣ ಹಂಗಿಸಿದಾಗ ನಕ್ಕರು. ನನಗೆ ಹೇಳಲಿಲ್ಲ, ತಂಗಿಗೆ ಹೇಳಲಿಲ್ಲ. ಹೇಳಿದರೆ ಅಣ್ಣನ ಮಾತು ಬೀಳ್ತದೆ ಅಂತಲೋ, ಇವತ್ತು ಹೇಳೋಣ ನಾಳೆ ಹೇಳೋಣ ಅಂತಲೋ. ಕೇಳೋಣ ಅಂದರೆ ಮನುಷ್ಯ ಇಲ್ಲ.

ಭಾವ ಆ ತೊಲೆಯನ್ನು ಕಡಿಸಿ ಅವತ್ತೇ ಬಚ್ಚಲ ಒಲೆಗೆ ಹಾಕಿಸಿದರು. ಅದು ಹೊನ್ನೆಯಲ್ಲ, ತಾತನಿಗೆ ಯಾರೋ ಮೋಸ ಮಾಡಿ ಕೊಟ್ಟಿದ್ದರು ಅಂದರು.

ಬೆಣೆಯನ್ನು ಸೆರಗಲ್ಲಿ ಕಟ್ಟಿಕೊಂಡು ತಿಪಟೂರಿಗೆ ಹೋದೆ. ಹಾಲಮ್ಮ ಬಾಗಿಲಲ್ಲೇ ಕೂತಿದ್ದಳು, ಒಳಗೆ ಕೂರಲು ಆಗುತ್ತಿರಲಿಲ್ಲ ಅನಿಸುತ್ತದೆ. ಅವಳ ಕೈಗೆ ಕೊಟ್ಟು ಎಲ್ಲ ಹೇಳಿದೆ. ಅವಳು ಅದನ್ನು ಆ ಕಡೆ ಈ ಕಡೆ ತಿರುಗಿಸಿ ನೋಡಿದಳು. ಗೆರೆ ನೋಡಿದಳು. ಅವಳಿಗೆ ತಿಳಿಯಿತು, ಅದು ನನಗೆ ಗೊತ್ತು. ಚಿಕ್ಕಣ್ಣನ ಕುಡುಗೋಲು ಅವಳಿಗೆ ತಿಳಿಯದೇ?

"ಜಗಲೀಲಿ ನಿಂತು ಚಿಕ್ಕಣ್ಣನ್ನ ಕೇಳ್ದೆ ಅತ್ತಿಗೆ. ಏನಿಲ್ಲ ಮಲಕ್ಕೋ ಅಂದ. ನೀನು ಹೇಳಿದ್ದು ದಿಟ ಅಂದ್ರೆ, ನನ್ನ ಮಕ್ಕಳು ಸಾಯೋ ಜಾಗ ಅಂತ ಗೊತ್ತಿದ್ದೂ ಅವನು ಹಂಗಂದ ಅಂತ ಆಯ್ತದೆ." ಬೆಣೆಯನ್ನು ನನ್ನ ಸೆರಗಿಗೇ ವಾಪಸು ಹಾಕಿದಳು. "ನೀನು ಸುಳ್ಳು ಹೇಳಿದ್ದೇ ಇರಲಿ ಬುಡು. ಅದನ್ನ ಹೊತ್ಕೊಂಡು ಇಷ್ಟು ವರ್ಷ ಬದುಕಿದೀನಿ. ಇನ್ನೊಂದನ್ನ ಹೊರೋಕೆ ನನ್ ಕೈಲಿ ಆಗಲ್ಲ."

ಅವಳು ಹೇಳಿದ್ದರಲ್ಲಿ ತಪ್ಪು ಹುಡುಕಲು ನನಗೆ ಆಗಲಿಲ್ಲ. ಹುಡುಕುವ ಮನಸ್ಸೂ ಇರಲಿಲ್ಲ.

ಎಂಬತ್ತೊಂಬತ್ತರ ಬೇಸಿಗೆಯಲ್ಲಿ ಸುದ್ದಿ ಬಂತು. ಎದೆನೋವು ಅಂದಳಂತೆ, ಆಸ್ಪತ್ರೆಗೆ ಒಯ್ಯುವಷ್ಟರಲ್ಲಿ ಹೋಯಿತಂತೆ. ಸತ್ತ ಹೆಣ್ಣುಮಗಳಿಗೆ ತವರಿಂದ ಸೀರೆ ಹೋಗಬೇಕು. ಭಾವನಿಗೆ ನಡೆಯಲು ಆಗುತ್ತಿರಲಿಲ್ಲ. ಹಸಿರು ಸೀರೆ ತಗೊಂಡು ಮೊದಲನೇ ಬಸ್ಸಿಗೆ ನಾನೇ ಹೋದೆ.

ಅದೇ ರೂಮಿನಲ್ಲಿ ಮಲಗಿಸಿದ್ದರು. ಹನ್ನೊಂದು ಗಂಟೆಯ ಹೊತ್ತಿಗೆ ತಗಡು ಕಾಯತೊಡಗಿತು. ಸೀರೆ ಹೊದಿಸಿ ತಲೆಯ ಹತ್ತಿರ ಕೂತೆ. ಅವಳ ಕುತ್ತಿಗೆಯ ತುಂಬ ಬೆವರುಸಾಲೆ ಹಾಗೇ ಇತ್ತು. ಸೆರಗಿನ ತುದಿ ಹಿಡಿದು ಗಾಳಿ ಹಾಕಿದೆ. ಹಾಕುತ್ತಲೇ ಇದ್ದೆ. ಜನ ಬಂದರು, ಹೋದರು. ಕೊನೆಗೆ ಮಾಯಣ್ಣ ಬಂದು ಪಕ್ಕದಲ್ಲಿ ಕುಕ್ಕರುಗಾಲಲ್ಲಿ ಕೂತು ನನ್ನ ಕೈ ಹಿಡಿದುಕೊಂಡ.

"ಸಾಕು ಬುಡತ್ತೆ. ಅವ್ವಂಗೆ ಇನ್ನು ಸೆಕೆ ಆಗಲ್ಲ" ಅಂದ.